ವ್ಯಸನ ಬಿಡಿಸುವ ಆಪ್ತಸಮಾಲೋಚಕರಾಗಲು ಯಾವ ಓದು ಬೇಕು?

ಕುಡಿತ, ಗಾಂಜಾ ಬಿಡಿಸುವ ಆಪ್ತಸಮಾಲೋಚಕರಿಗೆಂದೇ ನಮ್ಮ ದೇಶದಲ್ಲಿ ಬೇರೆ ಲೈಸೆನ್ಸ್ ಪರೀಕ್ಷೆ ಇಲ್ಲ. ಹುದ್ದೆ ಯಾವುದೋ ಅದಕ್ಕೆ ತಕ್ಕ ಓದು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ನಡೆಯುವ ಪುನರ್ವಸತಿ ಕೇಂದ್ರಗಳಲ್ಲಿ ಸಮಾಜವಿಜ್ಞಾನ ಇಲ್ಲವೇ ಮನಶ್ಶಾಸ್ತ್ರದ ಪದವಿಯಿಂದ ಶುರುಮಾಡಬಹುದು. ಜೊತೆಗೆ ಅನುಭವ, ತರಬೇತಿ ಕೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಅನ್ನಿಸಿಕೊಳ್ಳಲು ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾತ್ರ ಸಾಲದು, ಅದರ ಮೇಲೆ ಅದೇ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ನಲ್ಲಿ ಎರಡು ವರ್ಷದ ಎಂ.ಫಿಲ್. ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಕೆಲವೇ ವಾರಗಳ ಆನ್‌ಲೈನ್ ಡಿಪ್ಲೊಮಾ ಇದಕ್ಕೆಲ್ಲ ಬದಲಿಯಲ್ಲ. ದುಡ್ಡು ಕಟ್ಟುವ ಮೊದಲೇ ಇದು ಗೊತ್ತಿರಲಿ.

ನಾನು ಹಿಡಿದದ್ದು ಎಂ.ಎಸ್.ಡಬ್ಲ್ಯು. ದಾರಿ. ಕಾಸರಗೋಡಿನವರಿಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಮಂಗಳೂರಿನ ರೋಶನಿ ನಿಲಯ ಎರಡೂ ಹತ್ತಿರ. ಮೆಡಿಕಲ್ ಮತ್ತು ಸೈಕಿಯಾಟ್ರಿಕ್ ವಿಭಾಗ ಇದೆಯೇ, ಕ್ಷೇತ್ರಕಾರ್ಯಕ್ಕೆ ಆಸ್ಪತ್ರೆಗೆ ಕಳಿಸುತ್ತಾರೆಯೇ ಎಂದು ಸೇರುವ ಮೊದಲೇ ಕೇಳಿ. ಕರ್ನಾಟಕದ ಪದವಿ ಇಟ್ಟುಕೊಂಡು ಕೇರಳದ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವುದಾದರೆ ತತ್ಸಮಾನ ಪ್ರಮಾಣಪತ್ರದ ವಿಚಾರ ಮೊದಲೇ ನೋಡಿಕೊಳ್ಳಿ. ಸಿಲೆಬಸ್ ಪ್ರತಿ ಎತ್ತಿಡಿ. ಎಂ.ಫಿಲ್.ಗೆ ಬೆಂಗಳೂರಿನ ನಿಮ್ಹಾನ್ಸ್, ಕೋಝಿಕ್ಕೋಡಿನ ಇಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿರುವುದರಿಂದ ಆಯಾ ವರ್ಷದ ಪ್ರಕಟಣೆ ಓದಿಯೇ ಹೊರಡಿ.

ಕಾಸರಗೋಡಿನಲ್ಲಿ ಪುಸ್ತಕ ಇಂಗ್ಲಿಷಿನದ್ದು, ಕಚೇರಿಯ ಕಾಗದ ಮಲಯಾಳದ್ದು, ಎದುರು ಕೂತವರ ಮಾತು ತುಳು, ಬ್ಯಾರಿ, ಕನ್ನಡ. ಕನ್ನಡ ಮಾಧ್ಯಮದಲ್ಲಿ ಓದಿದವರು ಮಲಯಾಳಂ ಬರೆಯಲು ಕಲಿಯಲೇಬೇಕು. ಎಡವಟ್ಟಾಗುವುದು ಪ್ರಶ್ನಾವಳಿ ತುಂಬುವಾಗ. ಕುಡಿತ ಎಷ್ಟು ಅಪಾಯದ ಮಟ್ಟದಲ್ಲಿದೆ ಎಂದು ಅಳೆಯುವ ಆಡಿಟ್ (AUDIT) ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆ, ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ಎಚ್ಚರ. ಕುಡಿಯುವ ದಿನ ಎಷ್ಟು ಡ್ರಿಂಕ್ ಎಂಬ ಎರಡನೆಯ ಪ್ರಶ್ನೆಗೆ "ದಿನಕ್ಕೆ ಒಂದೇ ಕ್ವಾರ್ಟರ್ ಸಾರ್" ಅನ್ನುತ್ತಾರೆ. 1 ಎಂದು ಬರೆದರೆ ಅಂಕ ಸೊನ್ನೆ. ಆದರೆ 180 ಮಿ.ಲೀ. ಬ್ರಾಂದಿ ಎಂದರೆ, 30 ಮಿ.ಲೀ.ಗೆ ಒಂದರಂತೆ, ಆರು ಡ್ರಿಂಕ್, ಅಂಕ 2. ಗ್ಲಾಸಿನ ಲೆಕ್ಕ ಬೇಡ, ಬಾಟಲಿಯ ಅಳತೆ ಕೇಳಿ.

ಇದಕ್ಕೂ ಮೊದಲು ಕೇಳಬೇಕಾದದ್ದು, ಕೊನೆಯ ಬಾರಿ ಕುಡಿದದ್ದು ಯಾವಾಗ ಎಂದು. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗಬಹುದು, ಫಿಟ್ಸ್ ಬರಬಹುದು. 48ರಿಂದ 72 ಗಂಟೆಯ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ, ಜೀವಕ್ಕೇ ಅಪಾಯ. ಬೆವರುತ್ತ, ನಡುಗುತ್ತ, ಊರು ದಿನ ಮರೆತು ಮಾತಾಡುವವರ ಜೊತೆ ಸಮಾಲೋಚನೆಗೆ ಕೂರಬೇಡಿ. ಆ ಹೊತ್ತಿಗೆ ಬೇಕಾದವರು ಡಾಕ್ಟರು.