ಮೊದಲ ಏರ್ ರೈಫಲ್: ಭುಜದಿಂದ ಶುರು ಮಾಡಿ, ಬ್ಯಾರೆಲ್‌ನಿಂದಲ್ಲ

ಶನಿವಾರ ಬೆಳಿಗ್ಗೆ ಶೂಟಿಂಗ್ ರೇಂಜಿಗೆ ಬರುವ ಅಪ್ಪ-ಅಮ್ಮಂದಿರು ಹೆಚ್ಚಾಗಿ ಫೋನಿನಲ್ಲಿ ಒಂದು ರೈಫಲ್ ಚಿತ್ರ ಇಟ್ಟುಕೊಂಡೇ ಬರುತ್ತಾರೆ. ‘ಸರ್, ಇದರ ಬ್ಯಾರೆಲ್ ಹೇಗೆ?’ ಅಂತ ಕೇಳುತ್ತಾರೆ. ನಾನು ಉತ್ತರ ಕೊಡುವ ಮೊದಲು ಮಗಳನ್ನು ಕರೆದು, ಮೊಣಕೈ ಮಡಚಿ ನಿಲ್ಲಲು ಹೇಳುತ್ತೇನೆ. ಮೊಣಕೈ ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಟೇಪು ಹಿಡಿಯುತ್ತೇನೆ. ರೈಫಲ್ ಆಯ್ಕೆ ಶುರುವಾಗುವುದು ಅಲ್ಲಿಂದ.

ಯಾಕೆ ಅಂದರೆ, ಒಳ್ಳೆಯ ಕಂಪನಿಯ ಯಾವುದೇ ಮ್ಯಾಚ್ ರೈಫಲ್, ಅಂದರೆ ಸ್ಪರ್ಧೆಗೆಂದೇ ಮಾಡಿದ ರೈಫಲ್ ತೆಗೆದುಕೊಳ್ಳಿ, ಬ್ಯಾರೆಲ್ ಹೊಸಬರಿಗೆ ಬೇಕಾದ್ದಕ್ಕಿಂತ ಚೆನ್ನಾಗಿಯೇ ಇರುತ್ತದೆ. ವಾಲ್ಥರ್, ಫೈನ್‌ವೆರ್ಕ್‌ಬೌ, ಆನ್‌ಶುಟ್ಜ್, ಸ್ಟೈಯರ್ ಯಾವುದಾದರೂ ಸರಿ. ಗುರಿ ತಪ್ಪುವುದು ರೈಫಲ್ ಮೈಗೆ ಹೊಂದದೆ ಇದ್ದಾಗ. ಎಷ್ಟು ಸಣ್ಣ ತಪ್ಪು ಸಾಕು ಗೊತ್ತಾ? 10 ಮೀಟರ್ ಗುರಿಹಲಗೆಯ ನಡುವಿನ ಹತ್ತರ ಚುಕ್ಕೆ ಬರೀ 0.5 ಮಿಲಿಮೀಟರ್ ಅಗಲ. ಅಲ್ಲಿಂದ ಪ್ರತಿ 2.5 ಮಿಲಿಮೀಟರ್ ಆಚೆ ಸರಿದರೆ ಒಂದು ಅಂಕ ಹೋಯಿತು. ಸ್ಪರ್ಧೆಯಲ್ಲಿ 60 ಗುಂಡು, 75 ನಿಮಿಷ, ಎಲ್ಲವೂ ನಿಂತುಕೊಂಡೇ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಅಭ್ಯಾಸವಿರುವ ಕೊಡಗಿನ ಹುಡುಗರೂ ಇಲ್ಲಿ ಮೊದಲ ದಿನ ಸುಸ್ತಾಗುತ್ತಾರೆ. ಅರವತ್ತು ಸಲ ಒಂದೇ ರೀತಿ ನಿಲ್ಲುವುದು ಬೇರೆಯೇ ಕೆಲಸ.

ಮೊದಲು ಕಾನೂನು. ನಮ್ಮ ದೇಶದಲ್ಲಿ 0.177 ಕ್ಯಾಲಿಬರ್, ಅಂದರೆ 4.5 ಮಿಲಿಮೀಟರ್‌ವರೆಗಿನ, 20 ಜೌಲ್ ಶಕ್ತಿ ದಾಟದ ಏರ್ ರೈಫಲ್‌ಗೆ ಬಂದೂಕಿನ ಲೈಸೆನ್ಸ್ ಬೇಡ. ಮ್ಯಾಚ್ ರೈಫಲ್‌ಗಳ ಶಕ್ತಿ ಸುಮಾರು 7.5 ಜೌಲ್ ಅಷ್ಟೇ. ಆದರೂ ಗುರುತಿನ ಚೀಟಿ, ವಿಳಾಸದ ದಾಖಲೆ ತೆಗೆದುಕೊಂಡು ಹೋಗಿ. ಬಿಲ್ ತಪ್ಪದೆ ಪಡೆಯಿರಿ. ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಅದು ಆಟಿಕೆ ಅಲ್ಲ. ಹತ್ತಿರದಿಂದ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ.

ಓಪನ್ ಸೈಟಾ, ಪೀಪ್ ಸೈಟಾ?

ಸೈಟ್ ಅಂದರೆ ಗುರಿ ನೋಡಲು ರೈಫಲ್ ಮೇಲೆ ಇರುವ ಸಾಧನ. ಅದರ ಮೇಲೆ ನಮ್ಮಲ್ಲಿ ಎರಡು ಬಗೆಯ ಸ್ಪರ್ಧೆ ನಡೆಯುತ್ತದೆ. ಓಪನ್ ಸೈಟ್‌ನಲ್ಲಿ ಹಿಂದೆ ತೆರೆದ ಕಚ್ಚು, ಮುಂದೆ ಕಡ್ಡಿ. ಪೀಪ್ ಸೈಟ್‌ನಲ್ಲಿ ಹಿಂದೆ ಸಣ್ಣ ತೂತು, ಮುಂದೆ ಬಳೆಯಂಥ ಉಂಗುರ. ಒಲಿಂಪಿಕ್ಸ್‌ನಲ್ಲಿ ಇರುವುದು ಎರಡನೆಯದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ತಂದಾಗ ಆಕೆಗೆ ಇನ್ನೂ ಹದಿನೈದು ವರ್ಷ.

ಹೊಸ ಮಕ್ಕಳಿಗೆ ನನ್ನ ಸಲಹೆ ಸ್ಪಷ್ಟ. ಮೊದಲ ಮೂರು ತಿಂಗಳು ಏನೂ ಕೊಳ್ಳಬೇಡಿ. ರೇಂಜಿನ ರೈಫಲ್‌ನಲ್ಲೇ ಕಲಿಯಲಿ. ಆಸಕ್ತಿ ಉಳಿದರೆ ಮುಂದೆ ನೋಡೋಣ. ಭಾರತದಲ್ಲೇ ತಯಾರಾಗುವ ರೈಫಲ್‌ಗಳೂ ಕಲಿಯಲು ಸಾಕು. ಲಕ್ಷಗಟ್ಟಲೆ ಬೆಲೆಯ ಆಮದು ರೈಫಲ್ ರಾಜ್ಯಮಟ್ಟದ ಆಸೆ ಹುಟ್ಟಿದ ಮೇಲೆ.

ಮೈಗೆ ಹೊಂದಿಸುವುದು

ಅಂಗಡಿಯಲ್ಲಿ ಜಾಸ್ತಿ ಹೊತ್ತು ಇಲ್ಲಿಯೇ ಕಳೆಯಿರಿ. ಮಗು ಗುರಿಯತ್ತ ಪಕ್ಕಕ್ಕೆ ತಿರುಗಿ ನಿಲ್ಲಲಿ. ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಲಿ. ಬಲಗೈ ಬಳಸುವವರ ಲೆಕ್ಕ ಇದು, ಎಡಗೈಯವರಿಗೆ ಎಡಗೈ ಹಿಡಿಯೇ ಬೇಕು, ಬಲಗೈಯದನ್ನು ತಿರುಗಿಸಿ ಹಿಡಿಯುವ ಅಭ್ಯಾಸ ಮಾಡಿಸಬೇಡಿ.

ಈಗ ಭುಜಕ್ಕೆ ಒರಗುವ ಬಟ್ ಪ್ಲೇಟ್ ನೋಡಿ. ಉದ್ದ ಹೆಚ್ಚಾದರೆ ಮಗು ಹಿಂದಕ್ಕೆ ಬಾಗುತ್ತದೆ, ಕಡಿಮೆಯಾದರೆ ಕುತ್ತಿಗೆ ಮುದುಡುತ್ತದೆ. ಬಟ್ ಪ್ಲೇಟ್ ಮೇಲೆ-ಕೆಳಗೆ ಸರಿಯಬೇಕು, ಉದ್ದ ಹೆಚ್ಚು-ಕಡಿಮೆ ಆಗಬೇಕು. ಸರಿಯದೆ ಇದ್ದರೆ ಬೆಳೆಯುವ ಮಕ್ಕಳಿಗೆ ಆ ರೈಫಲ್ ಬೇಡ, ಎಷ್ಟೇ ಅಗ್ಗವಾದರೂ.

ಆಮೇಲೆ ಕೆನ್ನೆಪಟ್ಟಿ, ಅಂದರೆ ಗುರಿ ನೋಡುವಾಗ ಕೆನ್ನೆ ಒರಗುವ ಭಾಗ. ಅದನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಮಗು ಕಣ್ಣು ಮುಚ್ಚಿಕೊಂಡು ರೈಫಲ್ ಏರಿಸಿ, ಕೆನ್ನೆ ಆರಾಮಾಗಿ ಇಡಲಿ. ಕಣ್ಣು ತೆರೆದಾಗ ಸೈಟಿನ ತೂತು ನೇರ ಎದುರಿಗೇ ಇರಬೇಕು. ತಲೆ ಎತ್ತಬೇಕಾದರೆ ಪಟ್ಟಿ ತಗ್ಗಾಯಿತು, ಕೆನ್ನೆ ಒತ್ತಿ ಹುಡುಕಬೇಕಾದರೆ ಎತ್ತರವಾಯಿತು. ಐದಾರು ಸಲ ಮಾಡಿಸಿ. ಒಂದು ಸಲ ಸರಿ ಬಂದರೆ ಸಾಲದು, ಪ್ರತಿ ಸಲವೂ ಬರಬೇಕು.

ಭಾರದ ವಿಷಯದಲ್ಲಿ ಎಷ್ಟೋ ಜನ ಮೋಸ ಹೋಗುತ್ತಾರೆ. ನಿಯಮದ ಪ್ರಕಾರ ಗರಿಷ್ಠ 5.5 ಕಿಲೋ. ‘ಭಾರ ಇದ್ದರೆ ಅಲುಗಾಡುವುದಿಲ್ಲ’ ಅನ್ನುವುದು ನಿಜ, ಆದರೆ ಅದು ಮೂಳೆ, ಸೊಂಟ ಗಟ್ಟಿಯಾದ ದೊಡ್ಡವರಿಗೆ. ಹನ್ನೆರಡರ ಮಗು ಅಷ್ಟು ಭಾರ ಹೊತ್ತರೆ ಬೆನ್ನು ಬಾಗಿ ನಿಲ್ಲುವ ಅಭ್ಯಾಸ ಬೀಳುತ್ತದೆ, ಬೆನ್ನು ನೋವೂ ಬರುತ್ತದೆ. ಹಗುರದಿಂದ ಶುರು ಮಾಡಿ, ತೂಕದ ತುಂಡುಗಳನ್ನು ಒಂದೊಂದಾಗಿ ಆಮೇಲೆ ಸೇರಿಸಿ. ಮೂತಿಯ ಕಡೆ ಭಾರ ವಾಲುತ್ತಿದೆಯಾ ಅಂತ ಗಮನಿಸಿ. ತೂಕದ ನಡುಬಿಂದು ಊರಿದ ಕೈಯ ಹತ್ತಿರವೇ ಬಂದರೆ ಚೆನ್ನ.

ಟ್ರಿಗರ್, ಸೈಟು

ಏರ್ ಪಿಸ್ತೂಲಿನ ಟ್ರಿಗರ್‌ಗೆ ಕನಿಷ್ಠ 500 ಗ್ರಾಂ ಒತ್ತಡದ ನಿಯಮವಿದೆ, ಏರ್ ರೈಫಲ್‌ಗೆ ಇಲ್ಲ. ಹಾಗಂತ ಮುಟ್ಟಿದರೆ ಸಿಡಿಯುವಂತೆ ಸಡಿಲ ಮಾಡಿಸಬೇಡಿ. ಹೊಸಬರ ಬೆರಳಿಗೆ ಒತ್ತುತ್ತಿದ್ದೇನೆ ಅನ್ನುವುದು ಗೊತ್ತಾಗಬೇಕು. ಎರಡು ಹಂತದ ಟ್ರಿಗರ್ ಒಳ್ಳೆಯದು: ಮೊದಲು ಸಡಿಲ, ಆಮೇಲೆ ಒಂದು ತಡೆ, ಆ ತಡೆ ದಾಟಿದರೆ ಗುಂಡು. ಗುಂಡಿಲ್ಲದೆ ಅಭ್ಯಾಸ ಮಾಡುವ ವ್ಯವಸ್ಥೆ ಮ್ಯಾಚ್ ರೈಫಲ್‌ಗಳಲ್ಲಿ ಇರುತ್ತದೆ. ಕೇಳಿ, ತೋರಿಸಿಕೊಳ್ಳಿ. ಮನೆಯ ಗೋಡೆಯ ಮುಂದೆ ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಅದರಲ್ಲೇ ಆಗುತ್ತದೆ. ಒಳಗಿನ ಸ್ಪ್ರಿಂಗ್ ಬಲದಿಂದ ಹೊಡೆಯುವ ಸ್ಪ್ರಿಂಗ್ ರೈಫಲ್‌ನಲ್ಲಿ ಮಾತ್ರ ಖಾಲಿ ಹೊಡೆಯಬಾರದು, ಒಳಗಿನ ಪಿಸ್ಟನ್ ಹಾಳಾಗುತ್ತದೆ.

ಮುಂದಿನ ಉಂಗುರ ಹೊಸಬರಿಗೆ ದೊಡ್ಡದೇ ಇರಲಿ. ಅದರೊಳಗೆ ಗುರಿಹಲಗೆಯ ಕಪ್ಪು ವೃತ್ತದ ಸುತ್ತ ಬಿಳಿ ಕಾಣಬೇಕು. ಬಿಗಿ ಉಂಗುರ ಹಾಕಿದರೆ ‘ಇನ್ನೂ ಸರಿ ಮಾಡೋಣ, ಇನ್ನೂ ಸರಿ ಮಾಡೋಣ’ ಅಂತ ಮಗು ಉಸಿರು ಹಿಡಿದು ನಿಲ್ಲುತ್ತದೆ, ಕಣ್ಣು ದಣಿಯುತ್ತದೆ, ಕೈ ನಡುಗುತ್ತದೆ.

ಸಿಲಿಂಡರಿನ ವಯಸ್ಸು

ಮ್ಯಾಚ್ ರೈಫಲ್ ಗುಂಡು ತಳ್ಳುವುದು ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯಿಂದ. ಅದರ ವಯಸ್ಸು ನೋಡಿ, ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ವರ್ಷಗಳ ಹಿಂದೆ ನಾನು ಒಂದು ಹಳೆಯ ಮ್ಯಾಚ್ ರೈಫಲ್ ಕೊಂಡೆ. ನೋಡಲು ಹೊಸದರಂತಿತ್ತು, ಗುಂಡುಗಳೂ ಒಂದೇ ಕಡೆ ಗುಂಪಾಗಿ ಬೀಳುತ್ತಿದ್ದವು. ಸ್ಪರ್ಧೆಯ ಸಾಮಾನು ತಪಾಸಣೆಯಲ್ಲಿ ಸಿಲಿಂಡರಿನ ಮೇಲಿನ ತಾರೀಖು ನೋಡಿ ತಡೆದರು. ಗಾಳಿ ಸಿಲಿಂಡರಿಗೆ ಗರಿಷ್ಠ 10 ವರ್ಷ ಬಾಳಿಕೆ. ಮಾರಿದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ದಿನ ಬೇರೆಯವರ ಸಿಲಿಂಡರ್ ಬೇಡಿಕೊಂಡು ಆಡಿದೆ.

ಇದು ನಿಯಮಕ್ಕಾಗಿ ಮಾತ್ರ ಮಾಡುವ ತಪಾಸಣೆ ಅಲ್ಲ. ಒಳಗೆ 200 ಬಾರ್, ಕೆಲವದರಲ್ಲಿ 300 ಬಾರ್ ಒತ್ತಡ ಇರುತ್ತದೆ. ಹಳೆಯ ರೈಫಲ್ ಕೊಳ್ಳುವಾಗ ಮೊದಲು ತಾರೀಖು ಓದಿ, ಆಮೇಲೆ ಬೆಲೆ ಮಾತಾಡಿ. ಸಿಲಿಂಡರಿನ ಬಾಯಿಗೆ ಎಣ್ಣೆ, ಗ್ರೀಸ್ ತಾಗಿಸಬೇಡಿ. ತುಂಬಿಸುವ ಗಾಳಿ ಒಣಗಿರಬೇಕು.

ಪೆಲೆಟ್ ಆಯ್ಕೆ ಕೊನೆಗೆ

ಪೆಲೆಟ್ ಅಂದರೆ ಏರ್ ರೈಫಲ್‌ನ ಸಣ್ಣ ಗುಂಡು. ಅದರ ತಲೆ ಅಳತೆ 4.48ರಿಂದ 4.52 ಮಿಲಿಮೀಟರ್‌ವರೆಗೆ ಬೇರೆ ಬೇರೆ ಸಿಗುತ್ತದೆ. ಯಾವುದು ನಿಮ್ಮ ಬ್ಯಾರೆಲ್‌ಗೆ ಹೊಂದುತ್ತದೆ ಅನ್ನುವುದನ್ನು ಹೊಡೆದು ನೋಡಿಯೇ ತಿಳಿಯಬೇಕು. ಮೂರ್ನಾಲ್ಕು ಬಗೆಯ ಡಬ್ಬಿ ತನ್ನಿ. ರೈಫಲ್ಲನ್ನು ಬೆಂಚಿನ ಮೇಲೆ ಮರಳಿನ ಚೀಲಕ್ಕೆ ಊರಿ, ಒಂದೊಂದು ಬಗೆಯಲ್ಲಿ ಹತ್ತು ಗುಂಡು ಬೇರೆ ಬೇರೆ ಕಾಗದಕ್ಕೆ ಹೊಡೆಯಿರಿ. ಹತ್ತೂ ಸೇರಿ ಒಂದೇ ತೂತಿನಂತೆ ಕಾಣುವುದನ್ನು ಆರಿಸಿ, ಡಬ್ಬಿಯ ಮೇಲಿನ ಬ್ಯಾಚ್ ನಂಬರ್ ಬರೆದಿಟ್ಟು ಅದೇ ಬ್ಯಾಚಿನದನ್ನು ಒಟ್ಟಿಗೆ ತರಿಸಿ. ಪೆಲೆಟ್ ಸೀಸದ್ದು. ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಡಬ್ಬಿ ತೆರೆಯಬಾರದು.

ಎಲ್ಲ ಹೊಂದಿದ ಮೇಲೆ ಬಟ್ ಪ್ಲೇಟ್, ಕೆನ್ನೆಪಟ್ಟಿ, ಸೈಟು ನಿಂತ ಜಾಗಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಫೋಟೊ ತೆಗೆದಿಡಿ. ರೈಫಲ್ ಪೆಟ್ಟಿಗೆಯಲ್ಲಿ ಇರುವಾಗ ಒಳಗೆ ಗುಂಡಿಲ್ಲ ಅಂತ ತೋರಿಸಲು ಬ್ಯಾರೆಲ್ ಉದ್ದಕ್ಕೂ ಹಾದುಹೋಗುವ ಸುರಕ್ಷಾ ದಾರ ಹಾಕಿರಲಿ, ಮೂತಿಯಿಂದ ಹೊರಗೆ ಕಾಣುವಷ್ಟು ಉದ್ದ ಇರಬೇಕು. ಬೆಳೆಯುವ ಮಗುವಾದರೆ ನಾಲ್ಕು ತಿಂಗಳಿಗೊಮ್ಮೆ ಮತ್ತೆ ತೋಳಿನ ಅಳತೆ ತೆಗೆದು, ನೋಟ್‌ಬುಕ್ಕಿನಲ್ಲಿ ಹೊಸ ತಾರೀಖು ಹಾಕಿ.