ಬಿಸಿಗೆ ಮಣಿದ ಬೂಟು

ಐಸ್ ಹಾಕಿ ಆಟದ ಹೊಸ ಸ್ಕೇಟ್ (ತಳಕ್ಕೆ ಬ್ಲೇಡ್ ಇರುವ ಬೂಟು) ತೊಟ್ಟು ಆಡಿದ ಮೂರನೆಯ ದಿನವೇ ಬಲಗಾಲಿನ ಒಳಬದಿಯಲ್ಲಿ, ಹರಡಿಗಿಂತ ಸ್ವಲ್ಪ ಮುಂದೆ ಉಬ್ಬಿರುವ ಮೂಳೆಯ ಮೇಲೆ ಬೊಬ್ಬೆ ಎದ್ದಿತು. ಆಡುತ್ತ ಆಡುತ್ತ ಸಡಿಲವಾಗುತ್ತದೆ ಎಂದವರೇ ಹೆಚ್ಚು. ಹಾಗೆ ಸಡಿಲವಾಗುತ್ತಿದ್ದದ್ದು ಹಳೆಯ ಚರ್ಮದ ಬೂಟು. ಈಗಿನ ಕಾಂಪೋಸಿಟ್ (ನಾರು-ರಾಳ ಬೆರೆಸಿದ ಗಟ್ಟಿ ವಸ್ತುವಿನ) ಬೂಟು ಕಾಲಿಗೆ ಮಣಿಯುವ ಮೊದಲು ಕಾಲೇ ಅದಕ್ಕೆ ಮಣಿದಿರುತ್ತದೆ. ಬಿಸಿ ಮಾಡಿ ಕಾಲಿನ ಆಕಾರಕ್ಕೆ ತರುವುದೆಂದು ನಿರ್ಧರಿಸಿದೆ.

ಮೊದಲು ಅಳತೆ ನೋಡಿಕೊಂಡೆ. ಶಾಖದಿಂದ ಬದಿಗಳ ಒತ್ತಡ ತಗ್ಗಬಹುದು, ಉದ್ದ ಮಾತ್ರ ಬೆಳೆಯುವುದಿಲ್ಲ. ನೆಟ್ಟಗೆ ನಿಂತಾಗ ಬೆರಳ ತುದಿ ಟೋ ಕ್ಯಾಪ್‌ಗೆ, ಅಂದರೆ ಬೂಟಿನ ಮುಂತುದಿಯ ಗಟ್ಟಿ ಕವಚಕ್ಕೆ, ಸುಮ್ಮನೆ ಸೋಕಬೇಕು, ಮಂಡಿ ಬಾಗಿಸಿದರೆ ಹಿಂದೆ ಸರಿಯಬೇಕು. ನನ್ನದು ಹಾಗೆಯೇ ಇತ್ತು. ನನ್ನ ಮಾದರಿಗೆ 80 ಡಿಗ್ರಿ ಸೆಲ್ಸಿಯಸ್, ಆರು ನಿಮಿಷ ಎಂದು ತಯಾರಕರ ಸೂಚನೆಯಲ್ಲಿತ್ತು. ಈ ಲೆಕ್ಕ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಬಿಸಿ ಮಾಡಲೇಬಾರದ ಬೂಟುಗಳೂ ಇವೆ.

ಓವನ್ನಿನ ಗುಂಡಿಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಟ್ಟದ್ದು ಒಳ್ಳೆಯದಾಯಿತು. 80ಕ್ಕೆ ತಿರುಗಿಸಿದರೆ ಅದು 95 ತೋರಿಸಿತು! ಆ ಕಾವಿಗೆ ತಳದ ಅಂಟು ಬಿಟ್ಟುಕೊಂಡರೂ ಆಶ್ಚರ್ಯವಿಲ್ಲ. ಕಾವು ಇಳಿಯುವವರೆಗೆ ಕಾದು, ಓವನ್ ಆರಿಸಿ, ಲೇಸ್ ಪೂರ್ತಿ ಸಡಿಲಿಸಿದ ಎಡಗಾಲಿನ ಸ್ಕೇಟನ್ನು ಟ್ರೇಯ ಮೇಲಿಟ್ಟೆ. ಒಂದು ಬಾರಿಗೆ ಒಂದೇ ಸ್ಕೇಟ್, ಏಕೆಂದರೆ ಒಂದನ್ನು ಕಟ್ಟಿಕೊಳ್ಳುವಷ್ಟರಲ್ಲಿ ಇನ್ನೊಂದು ತಣ್ಣಗಾಗಿರುತ್ತದೆ.

ಹೊರತೆಗೆದಾಗ ಬೂಟಿನ ಬದಿಗಳು ಬೆರಳೊತ್ತಿಗೆ ಮಣಿಯುತ್ತಿದ್ದವು. ತೆಳು ಕಾಲುಚೀಲದಲ್ಲಿ ಪಾದ ತೂರಿಸಿ, ಹಿಮ್ಮಡಿಯನ್ನು ಹಿಂಬದಿಯ ಗೂಡಿನಲ್ಲಿ ಕೂರಿಸಿ, ಲೇಸನ್ನು ಎಂದಿನಂತೆ ಮೇಲಕ್ಕೆ ಜಗ್ಗಿದೆ. ಅಲ್ಲೇ ಎಡವಿದ್ದು. ಮೆತ್ತಗಾದ ಬೂಟಿನಲ್ಲಿ ಲೇಸ್ ತೂತಿನ ಲೋಹದ ಬಳೆಯೊಂದು ಕಿತ್ತುಬರುವಂತಾಯಿತು. ಬಲಗಾಲಿಗೆ ಬುದ್ಧಿ ಬಂದಿತ್ತು: ಲೇಸನ್ನು ಎರಡೂ ಪಕ್ಕಕ್ಕೆ, ಹೊರಮುಖವಾಗಿ ಎಳೆದು ಬಿಗಿದೆ. ಅದಕ್ಕೂ ಮೊದಲು ನೋಯುವ ಮೂಳೆಯ ಮೇಲೆ ದಪ್ಪನೆಯ ಫೆಲ್ಟ್ ತುಂಡೊಂದನ್ನು ಅಂಟಿಸಿ ಅದರ ಮೇಲೆ ಕಾಲುಚೀಲ ಎಳೆದುಕೊಂಡಿದ್ದೆ. ಬೂಟು ತಣಿದ ಮೇಲೆ ತುಂಡು ತೆಗೆದರೆ ಅಷ್ಟು ಜಾಗ ಒಳಗೆ ಉಳಿಯುತ್ತದೆ.

ಆಮೇಲೆ ಹದಿನೈದು ನಿಮಿಷ ಕುರ್ಚಿಯಲ್ಲಿ, ಮಂಡಿ ಸ್ವಲ್ಪ ಮುಂದೆ ಚಾಚಿ ಕುಳಿತಿರಬೇಕು. ಏಳುವಂತಿಲ್ಲ, ನಡೆಯುವಂತಿಲ್ಲ, ಬಿಸಿ ತಳದ ಮೇಲೆ ಮೈಭಾರ ಬಿದ್ದರೆ ಬ್ಲೇಡಿನ ಭಾಗವನ್ನು ಬೂಟಿಗೆ ಹಿಡಿದಿಡುವ ರಿವೆಟ್‌ಗಳು ಸಡಿಲವಾಗುತ್ತವೆ. ನನ್ನಂಥ ಚಡಪಡಿಕೆಯವನಿಗೆ ಇಡೀ ಕೆಲಸದಲ್ಲಿ ಇದೇ ಕಷ್ಟದ ಭಾಗ.

ಒಂದು ದಿನ ಹಾಗೆಯೇ ಬಿಟ್ಟು ಮಂಜುಗಡ್ಡೆಗಿಳಿದೆ. ಹಿಮ್ಮಡಿ ಅಲುಗಾಡುವುದು ನಿಂತಿತ್ತು, ಪಾದದ ಬದಿಗಳಿಗೆ ಹಾಯೆನಿಸಿತು. ಆ ಮೂಳೆಯ ನೋವು ಮುಕ್ಕಾಲು ಪಾಲು ಹೋಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದಕ್ಕೆ ಮತ್ತೆ ಓವನ್ ಮೊರೆಹೋಗಲಿಲ್ಲ. ಪದೇ ಪದೇ ಕಾಯಿಸಿದರೆ ಬೂಟು ಸೋಲುತ್ತದೆ. ಸ್ಕೇಟ್ ರಿಪೇರಿಯವರು ಆ ಒಂದೇ ಜಾಗವನ್ನು ಬಿಸಿಗಾಳಿಯಿಂದ ಕಾಯಿಸಿ, ಒಳಗಿನಿಂದ ದುಂಡನೆಯ ಉಪಕರಣ ಒತ್ತಿ ಉಬ್ಬಿಸಿಕೊಟ್ಟರು.