ಮುತ್ತಜ್ಜ ಸಿಕ್ಕಿದ್ದು ತವರಿನ ಚರ್ಚಲ್ಲಿ

ನನ್ನ ಗಂಡನ ಮುತ್ತಜ್ಜ ಪೋರ್ಚುಗಲ್ಲಿನ ಅಸೋರಿಸ್ ದ್ವೀಪಗಳಿಂದ ಕ್ಯಾಲಿಫೋರ್ನಿಯಾಗೆ ಹಾಲು ಕರಿಯೋ ಕೆಲ್ಸಕ್ಕೆ ಬಂದೋರು, ಇಲ್ಲಿನ ಪೇಪರಲ್ಲೆಲ್ಲ ಜೋ ಪೆರ್ರಿ, ಊರಲ್ಲಿ ಪಿರೇರಾ. ನಾನು ಮಂಗಳೂರೋಳು, ಅಲ್ಲೂ ಪಿರೇರಾಗಳಿದಾರಲ್ವಾ ಅಂತ ಅವರ ಜ್ಞಾನಸ್ನಾನದ (ಬ್ಯಾಪ್ಟಿಸಂ) ದಾಖಲೆ ಹುಡ್ಕೋ ಕೆಲ್ಸ ನಂಗೇ ಅಂಟಿಸಿದ್ರು!

ಸಮಾಧಿ ಕಲ್ಲಲ್ಲಿ 1883 ಅಂತಿತ್ತು, ಊರು ಸಾವೊ ಜಾರ್ಜ್ ದ್ವೀಪದ ಕಾಲ್ಯೇಟಾ ಅಂತ ಮನೇಲಿ ಹೇಳ್ತಿದ್ರು. ಪೋರ್ಚುಗಲ್ಲಲ್ಲಿ ಸರ್ಕಾರಿ ಜನನ ನೋಂದಣಿ ಎಲ್ಲರಿಗೂ ಕಡ್ಡಾಯ ಆಗಿದ್ದು 1911ರಲ್ಲಿ, ಅದಕ್ಕೂ ಮುಂಚೆ ಚರ್ಚಿನ ಪುಸ್ತಕಾನೇ ಗತಿ. ಪುಣ್ಯಕ್ಕೆ ಅಸೋರಿಸ್‌ದು ಸ್ಕ್ಯಾನ್ ಮಾಡಿ ಆನ್‌ಲೈನಲ್ಲಿ ಫ್ರೀಯಾಗಿ ಹಾಕಿದಾರೆ. 1882ರಿಂದ 1885ರ ತನಕ ಒಂದೊಂದೇ ಪುಟ ತಿರುಗಿಸ್ದೆ, ಪಿರೇರಾ ಅಂತ ಒಬ್ಬ ಮಗೂನೂ ಇಲ್ಲ. ತಿಂಗಳು ಹಾಳಾದ್ಮೇಲೆ ಗೊತ್ತಾಯ್ತು, ಆ ಕಾಲ್ದಲ್ಲಿ ಮಗೂಗೆ ಬರೀತಿದ್ದಿದ್ದು ಬರೀ ಜೋಸೆ, ಮನುಯೆಲ್ ಅಷ್ಟೇ, ಸರ್‌ನೇಮ್ ದೊಡ್ಡೋರಾದ್ಮೇಲೆ ಅಪ್ಪಂದೋ ಅಮ್ಮಂದೋ ಅಜ್ಜೀದೋ ಯಾವುದಾದ್ರೂ ಇಟ್ಕೊಳ್ಳೋರು.

ಸರಿ ಅಂತ ಅವ್ರನ್ನ ಬಿಟ್ಟು ಅಪ್ಪ ಅಮ್ಮನ ಹೆಸರು ಹಿಡ್ಕೊಂಡೆ, ಅದು ಇಲ್ಲಿನ ಚರ್ಚಿನ ಮದುವೆ ದಾಖಲೇಲಿ ಇತ್ತು. ಅದೇ ಪುಸ್ತಕ ಮತ್ತೆ ತಿರುಗಿಸಿದ್ರೆ 1883ರಲ್ಲಿ ಅದೇ ದಂಪತಿಗೆ ಒಬ್ಳು ಮಗಳು! ತಾಯಿ ಹೆಸರು ಇಲ್ಲಿನ ಮದುವೆ ದಾಖಲೇಲಿ ಮರಿಯಾ ದ ಜೆಸುಸ್, ಅಲ್ಲಿನ ಪುಸ್ತಕದಲ್ಲಿ ಮರಿಯಾ ದ ಕೊನ್ಸೆಸಾಂವ್, ಬೇರೆಯವಳು ಅಂತ ಬಿಟ್ಟೇ ಬಿಡ್ತಿದ್ದೆ, ಆದ್ರೆ ಹೆಂಗಸರ ಈ ಭಕ್ತಿ ಹೆಸ್ರು ದಾಖಲೆಯಿಂದ ದಾಖಲೆಗೆ ಬದಲಾಗ್ತಿರುತ್ತೆ. 1860ರಿಂದೀಚಿನ ದಾಖಲೇಲಿ ಎರಡೂ ಕಡೆ ಅಜ್ಜ ಅಜ್ಜಿ ಹೆಸ್ರು, ಅಪ್ಪ ಅಮ್ಮ ಹುಟ್ಟಿದ್ದೆಲ್ಲಿ, ಮದುವೆ ಆಗಿದ್ದೆಲ್ಲಿ ಎಲ್ಲಾ ಇರುತ್ತೆ, ನಿಜವಾದ ಬಂಗಾರ ಅದೇ. ತಾಯಿ ಪಕ್ಕದ ರಿಬೇರಾ ಸೆಕಾದೋಳು, ಮದುವೇನೂ ಅಲ್ಲೇ.

ನಂಗೆ ತಕ್ಷಣ ಹೊಳೆದಿದ್ದು ನಮ್ಮೂರ ಲೆಕ್ಕ, ಚೊಚ್ಚಲ ಬಾಣಂತನ ತವರಲ್ಲೇ ತಾನೇ? ಗಂಡ ನಕ್ಕ, ಅಲ್ಲೆಲ್ಲ ಹಂಗಿಲ್ಲ ಕಣೇ ಅಂದ. ನಾನು ರಿಬೇರಾ ಸೆಕಾ ಪುಸ್ತಕ ತೆಗೆದೆ. 1880ರಲ್ಲಿ ಮದುವೆ, 1881ರಲ್ಲಿ ಒಬ್ಬ ಜೋಸೆ, ನಾಲ್ಕೂ ಅಜ್ಜ ಅಜ್ಜಿ ಹೆಸ್ರು ತಂಗಿ ದಾಖಲೆಗೆ ಪಕ್ಕಾ ಮ್ಯಾಚ್. ಬಾಣಂತನಕ್ಕೇ ಹೋಗಿದ್ರೋ ಮದುವೆ ಆದ್ಮೇಲೆ ಅಲ್ಲೇ ಇದ್ರೋ ದಾಖಲೆ ಹೇಳಲ್ಲ, ನಾನಂತೂ ಗೆದ್ದೆ ಅಂತಾನೇ ಹೇಳ್ಕೊಂಡೆ.

ಕಲ್ಲಲ್ಲಿ ಇನ್ನೂ 1883 ಅಂತಾನೇ ಇದೆ, ಅತ್ತೆ ತಿದ್ದಿಸೋಕೆ ಬಿಡ್ತಿಲ್ಲ.